ಶೋಕೇಸಿನ ಶಾಂಪೇನು ಮತ್ತು ‘ಹಳೇದಾದಷ್ಟೂ ಒಳ್ಳೇದು’ ಅನ್ನೋ ಸುಳ್ಳು

ಈ ಸಲ ಸ್ವಲ್ಪ ಜಗಳ ಮಾಡೋ ಮೂಡಿನಲ್ಲಿದ್ದೀನಿ, ಮೊದಲೇ ಹೇಳಿಬಿಡ್ತೀನಿ. ಕುಡಿಯೋ ವಿಷಯ ಅಂದ ಕೂಡಲೇ ಮೂಗು ಮುರಿಯೋರು ಇಲ್ಲಿಂದಲೇ ವಾಪಸ್ ಹೋಗಬಹುದು, ಬೇಜಾರಿಲ್ಲ. ಉಳಿದವರು ಒಂದು ಲೋಟ ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ, ಬರಹ ಸ್ವಲ್ಪ ಉದ್ದ ಇದೆ.

ನನ್ನ ಜಗಳ ಒಂದೇ ಒಂದು ವಾಕ್ಯದ ಜೊತೆ. “ವೈನ್ ಹಳೇದಾದಷ್ಟೂ ಒಳ್ಳೇದು.” ಈ ಮಾತು ಹೇಳದೇ ಇರೋ ಮನುಷ್ಯ ಬೆಂಗಳೂರಿನಲ್ಲಿ ನನಗಂತೂ ಸಿಕ್ಕಿಲ್ಲ. ಜನ್ಮದಲ್ಲಿ ವೈನ್ ಮುಟ್ಟದ ನಮ್ಮ ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರೂ ಹೇಳ್ತಾರೆ, ವಾರವಾರ ಕುಡಿಯೋ ನಮ್ಮ ಆಫೀಸಿನ ಹುಡುಗರೂ ಹೇಳ್ತಾರೆ. ಸ್ನೇಹದ ಬಗ್ಗೆ ಭಾಷಣ ಮಾಡುವಾಗ, ನಲವತ್ತು ದಾಟಿದ ನಟಿಯ ಬಗ್ಗೆ ಬರೆಯುವಾಗ, ಎಲ್ಲಾ ಕಡೆ ಈ ಹೋಲಿಕೆ ಬಂದೇ ಬರುತ್ತೆ. ಇರಲಿ ಬಿಡಿ ಅಂತ ನಾನೂ ಸುಮ್ಮನಿದ್ದೆ. ಆದರೆ ಈ ವಾಕ್ಯ ನಂಬಿ ನಮ್ಮನೆಯಲ್ಲಿ ಒಂದು ಬಾಟಲಿ ಹದಿನೇಳು ವರ್ಷ ಕೂತಿತ್ತು. ಅದರ ಕಥೆ ಕೇಳಿ.

ನಮ್ಮಕ್ಕನ ಮದುವೆ ಆಗಿದ್ದು 1999ರಲ್ಲಿ. ಭಾವ ಅಮೆರಿಕಾದಲ್ಲಿ ಕೆಲಸ. 2007ರ ಡಿಸೆಂಬರಿನಲ್ಲಿ ಇಬ್ಬರೂ ಬಂದಾಗ ಇನ್ನೂ ಹೆಚ್ಎಎಲ್ ವಿಮಾನ ನಿಲ್ದಾಣವೇ ಇತ್ತು. ದೇವನಹಳ್ಳಿಯದ್ದು ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಕಗ್ಗದಾಸಪುರದ ನಮ್ಮನೆಗೆ ಆಟೋದಲ್ಲಿ ಕಾಲು ಗಂಟೆ, ರೈಲ್ವೆ ಗೇಟು ಹಾಕಿದ್ದರೆ ಮಾತ್ರ ಮುಕ್ಕಾಲು ಗಂಟೆ. ಆ ದಿನ ಭಾವ ಸೂಟ್‌ಕೇಸಿಗಿಂತ ಮೊದಲು ಡ್ಯೂಟಿ ಫ್ರೀ ಚೀಲ ಒಳಗೆ ತಂದ್ರು. ಅದರಲ್ಲಿ ಒಂದು ಶಾಂಪೇನ್. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದಿಂದಲೇ ಬಂದ ಅಸಲಿ ಬಾಟಲಿ, ಲೇಬಲ್ ಮೇಲೆ 1999 ಅಂತ ಇಸವಿ. ಮದುವೆಯಾದ ವರ್ಷದ ದ್ರಾಕ್ಷಿ! ಕಂಪನಿ ಹೆಸರು ಬೇಡ, ತಪ್ಪು ಅವರದ್ದಲ್ಲ.

“ಇದನ್ನ ಇಪ್ಪತ್ತೈದನೇ ವಾರ್ಷಿಕೋತ್ಸವಕ್ಕೆ ತೆಗೆಯೋಣ. ಹಳೇದಾದಷ್ಟೂ ಒಳ್ಳೇದಾಗುತ್ತೆ ಕಣಯ್ಯಾ, ನೀನು ಜೋಪಾನವಾಗಿಟ್ಟಿರು” ಅಂದ್ರು ಭಾವ.

ಇಟ್ಟೆ. ಎಲ್ಲಿಟ್ಟೆ ಅನ್ನೋದೇ ಪ್ರಶ್ನೆ. ಹಾಲ್‌ನಲ್ಲಿ ಟೀವಿ ಪಕ್ಕದ ಗಾಜಿನ ಶೋಕೇಸಿನಲ್ಲಿಟ್ಟೆ. ಎಡಗಡೆ ಚನ್ನಪಟ್ಟಣದ ಬೊಂಬೆ, ಬಲಗಡೆ ನನ್ನ ಹೈಸ್ಕೂಲಿನ ಚರ್ಚಾಸ್ಪರ್ಧೆ ಕಪ್ಪು, ಮೇಲೊಂದು ಟ್ಯೂಬ್ ಲೈಟು. ಪಶ್ಚಿಮದ ಕಿಟಕಿಯಿಂದ ಸಂಜೆ ಬಿಸಿಲು ನೇರ ಅದರ ಮೇಲೆ. ಹೊಸೂರು ಕಡೆ ಹೋಗೋ ರೈಲು ಹಾದಾಗ ಶೋಕೇಸಿನ ಗಾಜು ಒಂಚೂರು ಗಿಣಗಿಣ ಅನ್ನೋದು. ಬಂದ ನೆಂಟರಿಗೆಲ್ಲ ತೋರಿಸ್ತಿದ್ದೆ. ಅಮ್ಮ ವಾರಕ್ಕೊಂದು ಸಲ ಬೊಂಬೆ ಒರೆಸುವಾಗ ಬಾಟಲಿಯನ್ನೂ ಒರೆಸಿ ಇಡೋರು.

2012ರಲ್ಲಿ ಅಕ್ಕ ಭಾವ ಮಕ್ಕಳ ಸಮೇತ ಬಂದಿದ್ದಾಗ ಅಮ್ಮನೇ ಕೇಳಿದ್ರು. “ಅಲ್ರೋ, ಇಷ್ಟು ದುಡ್ಡು ಕೊಟ್ಟು ತಂದಿದ್ದೀರಿ, ಎಲ್ರೂ ಇದ್ದೀವಿ, ತೆಗೀರಿ. ನನಗೂ ಒಂದು ಚಮಚ ಕೊಡಿ, ಹೆಂಗಿರುತ್ತೆ ನೋಡೋಣ.” ನಾವೆಲ್ಲ ನಕ್ಕುಬಿಟ್ಟಿದ್ವಿ. ಇನ್ನೂ ಹನ್ನೆರಡು ವರ್ಷ ಇದೆ ಕಣಮ್ಮಾ ಅಂದಿದ್ದು ನಾನೇ. ಅಮ್ಮ ಹೋಗಿದ್ದು 2019ರಲ್ಲಿ.

2024ರ ನವೆಂಬರಿನಲ್ಲಿ ತೆಗೆದ್ವಿ. ಭಾವ ಟೈ ಕಟ್ಟಿಕೊಂಡಿದ್ರು ಪಾಪ. ತಂತಿ ಬಿಚ್ಚಿ ಬಿರಡೆ ತಿರುಗಿಸಿದ್ರೆ ಶಬ್ದವೇ ಇಲ್ಲ. ಉಪ್ಪಿನಕಾಯಿ ಬಾಟಲಿ ಮುಚ್ಚಳದ ಹಾಗೆ ಸದ್ದಿಲ್ಲದೆ ಕೈಗೆ ಬಂತು. ಲೋಟಕ್ಕೆ ಬಗ್ಗಿಸಿದರೆ ಡಿಕಾಕ್ಷನ್ ಕಮ್ಮಿ ಹಾಕಿದ ಬ್ಲಾಕ್ ಟೀ ಬಣ್ಣ, ಒಂದೇ ಒಂದು ಗುಳ್ಳೆ ಇಲ್ಲ. ಮೂಸಿದರೆ ಕೊಯ್ದಿಟ್ಟು ಮರೆತ ಸೇಬು, ಸೀದ ಬೆಲ್ಲ, ಹಿಂದೆ ಎಲ್ಲೋ ಹಳಸಿದ ಎಲೆಕೋಸು. ಭಾವ ಒಂದು ಗುಟುಕು ಕುಡಿದು, “ಹಿಂಗೇ ಇರುತ್ತೇನೋ ಬಿಡು, ನಮಗೆ ಗೊತ್ತಾಗಲ್ಲ” ಅಂದ್ರು. ಆ ಮಾತಿಗೆ ನನಗೆ ಸಿಟ್ಟು ಬಂತು. ಭಾವನ ಮೇಲಲ್ಲ, ನನ್ನ ಮೇಲೆ, ಮತ್ತೆ ಆ ವಾಕ್ಯದ ಮೇಲೆ. ‘ನಮಗೆ ಗೊತ್ತಾಗಲ್ಲ’ ಅಂತ ನಾವು ಒಪ್ಪಿಕೊಳ್ಳೋದ್ರಿಂದಲೇ ಈ ಸುಳ್ಳು ಬದುಕಿರೋದು. ಭಾವನ ನಾಲಿಗೆ ಸರಿಯಾಗೇ ಇತ್ತು. ಕೆಟ್ಟಿದ್ದು ಬಾಟಲಿ.

ಈಗ ವಿಷಯಕ್ಕೆ ಬರ್ತೀನಿ. ಇಸವಿ ಇರೋ ಶಾಂಪೇನಿಗೆ ವಯಸ್ಸು ಹೆಚ್ಚಾದಂತೆ ರುಚಿ ಬರುತ್ತೆ ಅನ್ನೋದೇನೋ ನಿಜ. ಆದರೆ ಅದಕ್ಕೆ ವಯಸ್ಸು ಎರಡು ಥರ. ಇದನ್ನ ಯಾರೂ ಬಿಡಿಸಿ ಹೇಳೋದಿಲ್ಲ.

ಮೊದಲು ಮಾಮೂಲಿ ಬಿಳಿ ವೈನ್ ಮಾಡ್ತಾರೆ, ಹುಳಿ ಜಾಸ್ತಿ ಇರೋದು. ಬಹುಪಾಲು ಶಾಂಪೇನಿನಲ್ಲಿ ಹಲವು ವರ್ಷದ ವೈನುಗಳನ್ನ ಬೆರೆಸ್ತಾರೆ, ಅದಕ್ಕೆ ಲೇಬಲ್ ಮೇಲೆ ಇಸವಿ ಇರಲ್ಲ. ಬೆಳೆ ಚೆನ್ನಾಗಿ ಬಂದ ವರ್ಷ ಮಾತ್ರ ಆ ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿ ಇಸವಿ ಹಾಕ್ತಾರೆ, ಅದೇ ‘ವಿಂಟೇಜ್’. ವೈನನ್ನ ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಜೊತೆಗೆ ಯೀಸ್ಟು ಹಾಕಿ ಮುಚ್ಚಿಬಿಡ್ತಾರೆ. ಬಾಟಲಿ ಒಳಗೇ ಮತ್ತೊಂದು ಸಲ ಹುದುಗು. ಹುಟ್ಟಿದ ಗ್ಯಾಸು ಹೊರಗೆ ಹೋಗೋಕೆ ದಾರಿ ಇಲ್ಲದೆ ವೈನಿನಲ್ಲೇ ಕರಗುತ್ತೆ. ಒತ್ತಡ ಸುಮಾರು ಆರು ವಾತಾವರಣದಷ್ಟು, ಕಾರಿನ ಟೈರಿನ ಎರಡು ಮೂರು ಪಟ್ಟು ಅಂದ್ಕೊಳ್ಳಿ. ಹಿಂದಿನ ಕಾಲದಲ್ಲಿ ಬಾಟಲಿಗಳು ಸಿಡಿದು ಕೆಲಸದವರು ಕಬ್ಬಿಣದ ಮುಖವಾಡ ಹಾಕ್ಕೊಂಡು ನೆಲಮಾಳಿಗೆಗೆ ಇಳೀತಿದ್ರಂತೆ.

ಕೆಲಸ ಮುಗಿಸಿದ ಯೀಸ್ಟು ಸತ್ತು ತಳದಲ್ಲಿ ಮಡ್ಡಿಯಾಗಿ ಕೂರುತ್ತೆ. ನಿಜವಾದ ಕಥೆ ಶುರುವಾಗೋದೇ ಇಲ್ಲಿಂದ. ಸತ್ತ ಯೀಸ್ಟಿನ ಕೋಶಗಳು ನಿಧಾನಕ್ಕೆ, ವರ್ಷಗಟ್ಟಲೆ, ಒಡೆದು ಕರಗ್ತಾ ಹೋಗ್ತವೆ. ಅದರಿಂದ ವೈನಿಗೆ ಒಂದು ಮೈಕಟ್ಟು ಬರುತ್ತೆ, ಗುಳ್ಳೆ ನಯವಾಗುತ್ತೆ, ಒಂದು ವಾಸನೆ ಬರುತ್ತೆ. ಬೆಳಗ್ಗೆ ಅಯ್ಯಂಗಾರ್ ಬೇಕರಿ ಮುಂದೆ ಬಿಸಿ ಬನ್ನಿನ ಟ್ರೇ ಹೊರಗೆಳೆದಾಗ ಬರುತ್ತಲ್ಲ, ಅದೇ. ಜೊತೆಗೆ ಹುರಿದ ಬಾದಾಮಿ. ಇನ್ನೂ ಒಂದು ಉಪಕಾರ ಆ ಮಡ್ಡಿಯಿಂದ: ಒಳಗಿರೋ ಚೂರುಪಾರು ಆಮ್ಲಜನಕವನ್ನ ಅದೇ ಹೀರಿಕೊಂಡು ವೈನನ್ನ ಕಾಪಾಡುತ್ತೆ. ಅಂದ್ರೆ ಮಡ್ಡಿ ಒಳಗಿದ್ದಷ್ಟು ದಿನ ವೈನು ಮಾಗುತ್ತೆ, ಮುದಿಯಾಗಲ್ಲ. ಕಾನೂನಿನ ಪ್ರಕಾರ ಇಸವಿ ಹಾಕಿದ ಶಾಂಪೇನು ಮಾರಾಟಕ್ಕೆ ಬರೋಕೆ ಮುಂಚೆ ಕನಿಷ್ಠ ಮೂರು ವರ್ಷ ನೆಲಮಾಳಿಗೆಯಲ್ಲಿರಬೇಕು. ಒಳ್ಳೆ ಮನೆತನಗಳು ಏಳೆಂಟು ವರ್ಷ ಇಡ್ತವೆ.

ಆಮೇಲೊಂದು ದಿನ ಬಾಟಲಿ ತಲೆಕೆಳಗೆ ಮಾಡಿ, ಮಡ್ಡಿಯೆಲ್ಲ ಬಾಯಿಗೆ ಬಂದ ಮೇಲೆ ಕತ್ತನ್ನ ಹೆಪ್ಪುಗಟ್ಟಿಸಿ, ಮುಚ್ಚಳ ತೆಗೆದು ಆ ಮಡ್ಡಿ ಗಡ್ಡೆಯನ್ನ ಹಾರಿಸಿಬಿಡ್ತಾರೆ. ಇದಕ್ಕೆ ಡಿಸ್ಗೋರ್ಜ್‌ಮೆಂಟ್ ಅಂತಾರೆ, ನಾನು ‘ಮಡ್ಡಿ ತೆಗೆಯೋದು’ ಅಂತೀನಿ. ಒಂಚೂರು ಸಕ್ಕರೆ ಬೆರೆಸಿದ ವೈನು ತುಂಬಿ ಬಿರಡೆ ಜಡೀತಾರೆ. ಆ ಕ್ಷಣದಿಂದ ಎರಡನೇ ವಯಸ್ಸು. ಕಾವಲುಗಾರ ಹೋದ. ಬಿರಡೆ ಮೂಲಕ ಗಾಳಿ ಇಷ್ಟಿಷ್ಟೇ ಒಳಗೆ, ಗ್ಯಾಸು ಇಷ್ಟಿಷ್ಟೇ ಹೊರಗೆ. ತಣ್ಣಗಿಟ್ಟರೆ ಈ ವಯಸ್ಸೂ ಸೊಗಸೇ. ಬಣ್ಣ ಬಂಗಾರದ ಕಡೆ ತಿರುಗುತ್ತೆ, ಜೇನು, ಅಣಬೆ, ಕಾಫಿ ಹುರಿದ ವಾಸನೆ ಎಲ್ಲ ಬರುತ್ತೆ, ಗುಳ್ಳೆ ಮೆತ್ತಗಾಗುತ್ತೆ. ಇಂಗ್ಲಿಷರಿಗೆ ಇಂಥ ಹಳೇ ಶಾಂಪೇನಿನ ಹುಚ್ಚು ಜಾಸ್ತಿ ಅಂತ ಫ್ರೆಂಚರು ಗೇಲಿ ಮಾಡೋದುಂಟು. ಆದರೆ ಇದು ಇಳಿಜಾರಿನ ದಾರಿ. ಎಷ್ಟು ಬೇಗ ಇಳೀತೀರಿ ಅನ್ನೋದನ್ನ ನಿರ್ಧರಿಸೋದು ಕ್ಯಾಲೆಂಡರ್ ಅಲ್ಲ, ಥರ್ಮಾಮೀಟರ್.

ಈ ಎರಡು ವಯಸ್ಸಿನ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತು. ಬೊಲಿಂಜರ್ ಮನೆತನ 1952ರ ಶಾಂಪೇನನ್ನ ಮಡ್ಡಿ ಮೇಲೆ ಹಾಗೇ ಬಿಟ್ಟು, 1960ರ ದಶಕದಲ್ಲಿ, ‘ಈಗಷ್ಟೇ ಮಡ್ಡಿ ತೆಗೆದದ್ದು’ ಅಂತಲೇ ಹೆಸರಿಟ್ಟು ಮಾರಿತು. ಬ್ರೂನೋ ಪಯಾರ್ ಅನ್ನೋರು 1980ರ ದಶಕದಿಂದಲೇ ಮಡ್ಡಿ ತೆಗೆದ ತಾರೀಕನ್ನ ಲೇಬಲ್ ಮೇಲೆ ಅಚ್ಚು ಹಾಕ್ತಾ ಬಂದ್ರು. ಡಾಂ ಪೆರಿನ್ಯೋಂ ಒಂದೇ ವರ್ಷದ ವೈನನ್ನ ಮೊದಲೊಂದು ಸಲ ಬಿಟ್ಟು, ಉಳಿಸಿಕೊಂಡಿದ್ದನ್ನ ಇನ್ನಷ್ಟು ವರ್ಷ ಮಡ್ಡಿ ಮೇಲೆ ಮಲಗಿಸಿ ಎರಡನೇ ಸಲ ಬಿಡುತ್ತೆ. ಅಂದ್ರೆ ವಯಸ್ಸು ಮಾರೋರು ಅದನ್ನ ಸಾಕಿ ಮಾರ್ತಾರೆ, ತಮ್ಮ ಮನೆಯಲ್ಲಿ, ತಮ್ಮ ಖರ್ಚಿನಲ್ಲಿ. ಗಿರಾಕಿಯ ಶೋಕೇಸಿನಲ್ಲಿ ಅಲ್ಲ.

ಹಾಗಾದ್ರೆ ಅವರ ಮನೆಯಲ್ಲಿರೋದೇನು, ನಮ್ಮಲ್ಲಿಲ್ಲದ್ದು? ನೆಲ. ರೀಮ್ಸ್ ಊರಿನ ಕೆಳಗೆ ಸುಣ್ಣದ ಕಲ್ಲಿನ ಹಳೇ ಗಣಿಗಳಿವೆ. ಎಷ್ಟೋ ಶತಮಾನದ ಹಿಂದೆ ಕಟ್ಟಡಕ್ಕೆ ಕಲ್ಲು ತೆಗೆದ ಗುಂಡಿಗಳನ್ನೇ ಮುಂದೆ ಶಾಂಪೇನಿನವರು ನೆಲಮಾಳಿಗೆ ಮಾಡಿಕೊಂಡ್ರು. ಯುನೆಸ್ಕೋ 2015ರಲ್ಲಿ ಅವನ್ನೂ ಸೇರಿಸಿ ಆ ಪ್ರಾಂತ್ಯಕ್ಕೆ ವಿಶ್ವ ಪರಂಪರೆಯ ಪಟ್ಟ ಕೊಟ್ಟಿತು. ಒಳಗೆ ಬೇಸಿಗೆ ಚಳಿಗಾಲ ಎರಡೂ ಸುಮಾರು 10ರಿಂದ 12 ಡಿಗ್ರಿ. ಕತ್ತಲು, ತೇವ, ನಿಶ್ಶಬ್ದ.

ಇಲ್ಲಿ ನಮ್ಮ ಕೆಲವು ಸ್ನೇಹಿತರು ಕೈ ಎತ್ತುತ್ತಾರೆ, ನನಗೆ ಗೊತ್ತು. “ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿರಲಿಲ್ವಾ? ಹಗೇವು ಇರಲಿಲ್ವಾ?” ಇತ್ತು ಸ್ವಾಮಿ, ಇತ್ತು. ಅಮ್ಮನ ತವರು ಚಿಂತಾಮಣಿ ಕಡೆ. ನೆಲದೊಳಗೆ ಹೂಜಿ ಆಕಾರದಲ್ಲಿ ತೋಡಿದ ಹಗೇವಿಗೆ ರಾಗಿ ಸುರಿದು ಬಾಯಿ ಮುಚ್ಚಿ ಮಣ್ಣು ಹೊಡೆದುಬಿಟ್ರೆ ವರ್ಷಗಟ್ಟಲೆ ಹುಳ ಬೀಳ್ತಿರಲಿಲ್ಲ. ತೆಗೆಯುವಾಗ ಬಾಯಿ ಬಿಚ್ಚಿದ ತಕ್ಷಣ ಇಳೀತಿರಲಿಲ್ಲ. ದೀಪ ಇಳಿಬಿಟ್ಟು ನೋಡೋರು, ಆರಿದರೆ ಒಳಗೆ ಗಾಳಿ ಕೆಟ್ಟಿದೆ ಅಂತ. ಅದೂ ಇದೇ ಇಂಗಾಲದ ಡೈಆಕ್ಸೈಡು, ಶಾಂಪೇನಿನ ಗುಳ್ಳೆಯೊಳಗಿರೋದೇ :-) ಹಗೇವು ತೋಡಿದವರಿಗೆ ನಾನು ಎರಡು ಕೈ ಮುಗೀತೀನಿ. ‘ಇಡೋದು’ ಅನ್ನೋದು ಒಂದು ಕೆಲಸ ಅಂತ ಅವರಿಗೆ ಗೊತ್ತಿತ್ತು. ಎತ್ತರದ ಜಾಗ ನೋಡಿ, ನೀರು ಇಂಗದ ಮಣ್ಣು ನೋಡಿ, ಒಳಗೋಡೆ ಒಣಗಿಸಿ ಇಡೋರು. ರಾಗಿಯನ್ನ ಹಾಲ್‌ನಲ್ಲಿ ಗಾಜಿನ ಡಬ್ಬಿಯಲ್ಲಿಟ್ಟು ನೆಂಟರಿಗೆ ತೋರಿಸ್ತಿರಲಿಲ್ಲ.

ಆದರೆ ಹಗೇವಿನಲ್ಲಿ ಶಾಂಪೇನ್ ಇಡಬಹುದಾ? ಇಲ್ಲ. ಅಭಿಮಾನಕ್ಕೆ ಪೆಟ್ಟು ಬಿದ್ದರೂ ಪರವಾಗಿಲ್ಲ, ಹೇಳಲೇಬೇಕು. ನೆಲ ಒಂದಷ್ಟು ಅಡಿ ಅಗೆದ ಮೇಲೆ ಸಿಗೋ ಉಷ್ಣತೆ ಅಂದ್ರೆ ಹೆಚ್ಚುಕಡಿಮೆ ಆ ಊರಿನ ಇಡೀ ವರ್ಷದ ಸರಾಸರಿ. ರೀಮ್ಸ್‌ನ ಸರಾಸರಿ 10-11 ಡಿಗ್ರಿ, ಅದಕ್ಕೇ ಅಲ್ಲಿನ ನೆಲಮಾಳಿಗೆ ಪುಕ್ಕಟೆ ಫ್ರಿಜ್ಜು. ಬೆಂಗಳೂರಿನ ಸರಾಸರಿ 24ರ ಆಸುಪಾಸು. ಎಷ್ಟೇ ಅಗೆದರೂ 24ಕ್ಕಿಂತ ಕೆಳಗೆ ಇಳಿಯಲ್ಲ. ನಮ್ಮ ಆಫೀಸಿನಲ್ಲೊಬ್ಬ ಕೋಲಾರದ ಚಿನ್ನದ ಗಣಿಯಲ್ಲಿ ಇಡಬಹುದಲ್ವಾ ಅಂದ. ಅಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆಯೇ ಅರವತ್ತು ಡಿಗ್ರಿ ದಾಟ್ತಿತ್ತು ಮಾರಾಯ. ಶಾಂಪೇನ್ ಅಲ್ಲ, ಮುದ್ದೆ ತೊಳಸಬಹುದು.

ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ದುಪ್ಪಟ್ಟು ಅನ್ನೋದು ಪಿಯುಸಿಯಲ್ಲಿ ಓದಿದ ಅಂದಾಜು ಸೂತ್ರ. ಹತ್ತರಿಂದ ಮೂವತ್ತಕ್ಕೆ ಏರಿದರೆ ನಾಲ್ಕು ಪಟ್ಟು. ನಮ್ಮ ಶೋಕೇಸಿನಲ್ಲಿ ಹದಿನೇಳು ವರ್ಷ ಅಂದ್ರೆ ಆ ಬಾಟಲಿ ಎಷ್ಟು ಮುದಿಯಾಗಿರಬೇಕು ಲೆಕ್ಕ ಹಾಕಿ. 2016ರ ಏಪ್ರಿಲ್ 24ಕ್ಕೆ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲೆಯಾಯ್ತಲ್ಲ, ಅವತ್ತು ಕರೆಂಟಿಲ್ಲದೆ ನಾವು ಒದ್ದೆ ಟವಲ್ ಹೊದ್ದು ಕೂತಿದ್ವಿ. ಬಾಟಲಿಗೆ ಟವಲ್ ಹೊದಿಸಿದವರು ಯಾರು?

ಶಾಖದಷ್ಟೇ ದೊಡ್ಡ ಶತ್ರು ಬೆಳಕು. ವೈನಿನಲ್ಲಿರೋ ರೈಬೋಫ್ಲೇವಿನ್, ಅದೇ ಬಿ2 ವಿಟಮಿನ್, ಬೆಳಕು ಹೀರಿಕೊಂಡು ಗಂಧಕದ ಸಂಯುಕ್ತಗಳನ್ನ ಹುಟ್ಟಿಸುತ್ತೆ. ಅದೇ ನಮಗೆ ಬಂದ ಎಲೆಕೋಸಿನ ವಾಸನೆ. ಇದಕ್ಕೆ ಫ್ರೆಂಚಿನಲ್ಲಿ ‘ಬೆಳಕಿನ ರುಚಿ’ ಅಂತಲೇ ಹೆಸರು. ಕೇಳೋಕೆ ಭಾವಗೀತೆ ಥರ ಇದೆ, ಮೂಸಿದರೆ ಮೋರಿ. ಬಿಸಿಲೇ ಬೇಕಿಲ್ಲ, ಟ್ಯೂಬ್ ಲೈಟೂ ಸಾಕು. ಹಸಿರು ಗಾಜು ಒಂದಷ್ಟು ತಡೆಯುತ್ತೆ, ಬಿಳಿ ಗಾಜು ಏನೇನೂ ತಡೆಯಲ್ಲ. ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರನಿಗಾಗಿ 1876ರಲ್ಲಿ ಶುರುವಾದ ಕ್ರಿಸ್ಟಲ್ ಶಾಂಪೇನಿಗೆ ಬಿಳಿ ಗಾಜು. ಅದಕ್ಕೇ ಅದನ್ನ ಇವತ್ತಿಗೂ ಬಣ್ಣದ ಕಾಗದದಲ್ಲಿ ಸುತ್ತಿ ಮಾರೋದು. ಆ ಕಾಗದ ಬರೀ ಶೋಕಿಗಲ್ಲ.

ರೈಲಿನ ಅದುರಾಟದ ಬಗ್ಗೆ ಏನೂ ಹೇಳಲ್ಲ. ಶಾಖ, ಬೆಳಕು ಇವೆರಡೇ ಕೊಲೆಗೆ ಸಾಕಿತ್ತು.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 2010ರಲ್ಲಿ ಫಿನ್ಲೆಂಡಿನ ಆಲಂಡ್ ದ್ವೀಪಗಳ ಹತ್ತಿರ ಬಾಲ್ಟಿಕ್ ಸಮುದ್ರದ ತಳದಲ್ಲಿ, ಸುಮಾರು 50 ಮೀಟರ್ ಆಳದಲ್ಲಿ ಮುಳುಗಿದ ಹಡಗೊಂದು ಮುಳುಗುಗಾರರಿಗೆ ಸಿಕ್ತು. ಅದರಲ್ಲಿ 168 ಬಾಟಲಿ ಶಾಂಪೇನ್, ಸುಮಾರು 170 ವರ್ಷ ಹಳೇದು, ಕೆಲವು ವೊವ್ ಕ್ಲಿಕೋ ಮನೆತನದ್ದು. ತೆಗೆದಾಗ ಮೊದಲು ಕೊಟ್ಟಿಗೆ ವಾಸನೆ ಬಂದರೂ, ಗಾಳಿಯಾಡಿದ ಮೇಲೆ ಹೊಗೆ, ತೊಗಲು, ಹಣ್ಣು ಎಲ್ಲ ಬಂತಂತೆ. 2015ರಲ್ಲಿ ವಿಜ್ಞಾನಿಗಳು ವಿಶ್ಲೇಷಣೆ ಪ್ರಕಟಿಸಿದಾಗ ಲೀಟರಿಗೆ 140 ಗ್ರಾಮಿಗೂ ಹೆಚ್ಚು ಸಕ್ಕರೆ ಇತ್ತು ಅಂತ ಗೊತ್ತಾಯ್ತು, ಆ ಕಾಲದ ಜನಕ್ಕೆ ಅಷ್ಟು ಸಿಹಿ ಬೇಕಿತ್ತು. ಯೋಚನೆ ಮಾಡಿ, ನೂರೆಪ್ಪತ್ತು ವರ್ಷ! ಅಲ್ಲಿ ನೀರು 2ರಿಂದ 4 ಡಿಗ್ರಿ, ಕಗ್ಗತ್ತಲು. ಅದನ್ನ ಯಾರೂ ಒರೆಸಲಿಲ್ಲ, ಯಾರೂ ನೆಂಟರಿಗೆ ತೋರಿಸಲಿಲ್ಲ. ನಮ್ಮದು ಹದಿನೇಳಕ್ಕೇ ಸತ್ತಿತು. ಇನ್ನು ‘ಹಳೇದಾದಷ್ಟೂ’ ಅಂತ ಯಾರಾದ್ರೂ ಅಂದ್ರೆ ‘ಎಲ್ಲಿಟ್ಟಿದ್ದು?’ ಅಂತ ಕೇಳಿ, ಸಾಕು.

ಈಗ ಅಂಗಡಿಯವರ ಸರದಿ. ನಮ್ಮೂರಿನಲ್ಲಿ ವೈನ್ ಶಾಪ್ ಅಂದ್ರೆ ವೈನ್ ಒಂದು ಬಿಟ್ಟು ಉಳಿದಿದ್ದೆಲ್ಲ ಸಿಗೋ ಜಾಗ, ಅದು ಗೊತ್ತಿರೋದೇ. ಅಲ್ಲಿ ಮೇಲಿನ ಅಟ್ಟದಲ್ಲಿ ಧೂಳು ಹಿಡಿದ ಎರಡು ಗುಳ್ಳೆ ವೈನ್ ಬಾಟಲಿ ಇದ್ರೆ ನಾನು ಬೈಯಲ್ಲ, ಅವರ ವ್ಯಾಪಾರವೇ ಬೇರೆ. ನನ್ನ ಸಿಟ್ಟು ಇಂದಿರಾನಗರದ ಕಡೆ ಇರೋ ಗಾಜಿನ ಬಾಗಿಲು, ಮರದ ರ್‍ಯಾಕು, ಜಾಝ್ ಸಂಗೀತದ ಅಂಗಡಿಗಳ ಮೇಲೆ. ಭಾವನ ಬಾಟಲಿ ಸತ್ತ ಮೇಲೆ ಅಂಥದ್ದೊಂದಕ್ಕೆ ಹೋಗಿದ್ದೆ, ಹೆಸರು ಹೇಳಲ್ಲ. ಇಸವಿ ಹಾಕಿದ ಶಾಂಪೇನ್ ಬಾಟಲಿಗಳನ್ನ ಸಾಲಾಗಿ ನಿಲ್ಲಿಸಿ, ಒಂದೊಂದರ ನೆತ್ತಿ ಮೇಲೂ ಒಂದೊಂದು ಲೈಟು, ಸಿನಿಮಾ ನಟರ ಹಾಗೆ. ಮುಟ್ಟಿದ್ರೆ ಬೆಚ್ಚಗಿದೆ! “ಇದು ಬಂದು ಎಷ್ಟು ದಿನ ಆಯ್ತು?” ಅಂದೆ. “ಸಾರ್, ನಾಲ್ಕು ವರ್ಷ ಆಗಿರ್ಬೇಕು. ಹಳೇ ಸ್ಟಾಕು ಸಾರ್, ಇನ್ನೂ ಒಳ್ಳೇದು” ಅಂದ ಹುಡುಗ. ರಾತ್ರಿ ಏಸಿ ಇರುತ್ತಾ ಅಂದೆ. “ಕ್ಲೋಸ್ ಮಾಡ್ಬೇಕಾದ್ರೆ ಆಫ್ ಮಾಡ್ತೀವಿ ಸಾರ್, ಕರೆಂಟ್ ಬಿಲ್ಲು.” ಹುಡುಗನದ್ದೇನೂ ತಪ್ಪಿಲ್ಲ, ಕಲಿಸಿದ್ದು ಹೇಳಿದ. ಆದರೆ ಹೊರದೇಶದ ವೈನಿಗೆ ದಶಕಗಟ್ಟಲೆ 150 ಪರ್ಸೆಂಟು ಆಮದು ಸುಂಕ ಕಟ್ಟಿದ ಊರು ನಮ್ಮದು. ಅಷ್ಟು ಸುರಿದು ತಂದಿದ್ದನ್ನ ರಾತ್ರಿಯ ಏಸಿ ಬಿಲ್ಲು ಉಳಿಸೋಕೆ ಕೊಲ್ಲೋದು, ಆಮೇಲೆ ಹೆಣಕ್ಕೆ ‘ಹಳೇದು’ ಅಂತ ಪೂರ್ತಿ ರೇಟು ಹಾಕೋದು, ಇದಕ್ಕೆ ಏನನ್ಬೇಕು? ಗಿರಾಕಿ ಮನೆಗೆ ಹೋಗಿ ತೆಗೆದು ಕುಡಿದು, ಭಾವನ ಹಾಗೇ, “ಹಿಂಗೇ ಇರುತ್ತೇನೋ” ಅಂತಾನೆ. ಈ ನಾಚಿಕೆ ಮೇಲೆ ಒಂದಿಡೀ ವ್ಯಾಪಾರ ನಿಂತಿದೆ.

ಹಾಗಂತ ನಮ್ಮ ನೆಲಕ್ಕೂ ಶಾಂಪೇನಿಗೂ ನಂಟೇ ಇಲ್ಲ ಅಂತಲ್ಲ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಕನ್ವಲ್ ಗ್ರೋವರ್ 1988ರಲ್ಲಿ ದ್ರಾಕ್ಷಿ ತೋಟ ಶುರುಮಾಡಿದಾಗ ಸಲಹೆಗೆ ಕರ್ಕೊಂಡು ಬಂದಿದ್ದು ಜಾರ್ಜ್ ವೆಸೆಲ್ ಅನ್ನೋ ಶಾಂಪೇನಿನ ಮನುಷ್ಯನನ್ನ. ಮಮ್ ಕಂಪನಿಯ ತೋಟಗಳನ್ನ ನೋಡಿಕೊಳ್ತಿದ್ದವರು, ಬೂಝಿ ಅನ್ನೋ ಊರಿನವರು (ಊರಿನ ಹೆಸರು ನಾನು ಕಟ್ಟಿದ್ದಲ್ಲ, ನಿಜವಾಗ್ಲೂ ಅದೇ). ಅಲ್ಲಿಯವರೆಗೆ ಈ ಭಾಗದಲ್ಲಿ ದ್ರಾಕ್ಷಿ ಅಂದ್ರೆ ಬೆಂಗಳೂರ್ ಬ್ಲೂ, ಬೀಜದ ಕಪ್ಪು ದ್ರಾಕ್ಷಿ. ಜ್ಯೂಸಿಗೆ ಬಹಳ ಚೆನ್ನ, ಗುಳ್ಳೆ ವೈನಿಗೆ ಅದರ ವಾಸನೆಯೇ ಅಡ್ಡ. ಶಾಂಪೇನಿನ ಮನುಷ್ಯ ಬಂದರೂ ನಂದಿಯಿಂದ ಹೆಸರು ಮಾಡಿದ್ದು ‘ಲಾ ರಿಸರ್ವ್’ ಅನ್ನೋ ಕೆಂಪು ವೈನು. ಗುಳ್ಳೆ ವೈನು ಬೆಳೆದಿದ್ದು ನಾಸಿಕದ ಕಡೆ. ಸುಲಾ ಮಾಡ್ತು, 2013ರಲ್ಲಿ ಶಾಂಡನ್ ದಿಂಡೋರಿಗೆ ಬಂತು. ಇವೂ ಬಾಟಲಿಯೊಳಗೇ ಹುದುಗಿದ ವೈನುಗಳು, ಹೆಚ್ಚಿನದಕ್ಕೆ ಶೆನಿನ್ ಬ್ಲಾಂಕ್ ದ್ರಾಕ್ಷಿ. ನಮ್ಮ ಬಿಸಿಲಿಗೆ ದ್ರಾಕ್ಷಿಯ ಹುಳಿ ಬೇಗ ಇಳಿಯುತ್ತೆ ಅಂತ ಸಕ್ಕರೆ ಪೂರ್ತಿ ಕೂಡೋ ಮೊದಲೇ ಕೀಳ್ತಾರೆ. ನಾನು ಕುಡಿದಿದ್ದೀನಿ. ತಾಜಾ ಇದ್ದಾಗ ನಿಂಬೆಹಣ್ಣು, ಹಸಿರು ಸೇಬು, ಮಸಾಲೆ ವಡೆ ಜೊತೆ ಬಹಳ ಚೆನ್ನಾಗಿರುತ್ತೆ. ಅವನ್ನ ಕುಡಿಯಬೇಕಾಗಿರೋದು ಆ ವರ್ಷವೇ. ಅದನ್ನೂ ನಮ್ಮ ಜನ ಮದುವೆ ಗಿಫ್ಟು ಅಂತ ತಗೊಂಡು ಮಗುವಿನ ನಾಮಕರಣದವರೆಗೂ ಶೋಕೇಸಿನಲ್ಲಿಡ್ತಾರೆ. ಅಯ್ಯೋ...

ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದಿತು, ನಮ್ಮನೆಗೆ ಬಾಟಲಿ ಬಂದ ವರ್ಷವೇ. ದ್ರಾಕ್ಷಿ ಬೆಳೆಗಾರರಿಗೆ ಉತ್ತೇಜನ, ತಯಾರಿಕೆಗೆ ಉತ್ತೇಜನ, ಎಲ್ಲ ಸರಿ. ನನ್ನದು ಬರೀ ಒಂದು ಬೇಡಿಕೆ. ಎಂಆರ್‌ಪಿ, ಬ್ಯಾಚ್ ನಂಬರು, ‘ಆರೋಗ್ಯಕ್ಕೆ ಹಾನಿಕರ’ ಎಲ್ಲ ಅಚ್ಚು ಹಾಕ್ತಾರಲ್ಲ, ಅದರ ಪಕ್ಕದಲ್ಲಿ ಮಡ್ಡಿ ತೆಗೆದ ತಿಂಗಳು, ವರ್ಷ ಹಾಕಿ. ನಂದಿನಿ ಹಾಲಿನ ಪ್ಯಾಕೆಟ್ ಮೇಲೆ ತಾರೀಕು ನೋಡದೆ ನಾವು ತಗೊಳ್ತೀವಾ? ಹೊರದೇಶದ ದೊಡ್ಡ ಮನೆತನಗಳಲ್ಲೂ ಎಷ್ಟೋ ಜನ ಇದನ್ನ ಇನ್ನೂ ಹಾಕಲ್ಲ. ಹಾಕಿದ್ರೆ ಅಂಗಡಿಯ ನಾಲ್ಕು ವರ್ಷದ ಹೆಣ ಬಯಲಾಗುತ್ತಲ್ಲ.

“ಇಷ್ಟೆಲ್ಲ ದುಡ್ಡಿದ್ದವರ ರಗಳೆ, ಕನ್ನಡದಲ್ಲಿ ಯಾಕೆ?” ಅಂತ ಒಬ್ಬರಾದ್ರೂ ಬರೆದೇ ಬರೀತಾರೆ. ಸ್ವಾಮಿ, ಶಾಂಪೇನು ನಮ್ಮ ಗಲ್ಲಿಗೇ ಬಂದಾಗಿದೆ. ನಮ್ಮ ಬೇಕರಿಗಳಲ್ಲಿ ಹುಟ್ಟುಹಬ್ಬಕ್ಕೆ ‘ಶಾಂಪೇನ್’ ಅಂತ ನೂರಿನ್ನೂರು ರೂಪಾಯಿಗೆ ಬಣ್ಣದ ಸೋಡಾ ಮಾರ್ತಾರೆ. ಚನ್ನಪಟ್ಟಣದ ಬೊಂಬೆ, ನಂಜನಗೂಡು ರಸಬಾಳೆ ಇರೋ ನಮ್ಮ ದೇಶದ ಭೌಗೋಳಿಕ ಸೂಚ್ಯಂಕದ ಪಟ್ಟಿಯಲ್ಲಿ ಶಾಂಪೇನೂ ಇದೆ, ನೆನಪಿರಲಿ. ನಂಜನಗೂಡಿನ ಹೆಸರಲ್ಲಿ ಇನ್ಯಾವುದೋ ಬಾಳೆ ಮಾರಿದ್ರೆ ನಾವು ಸುಮ್ಮನಿರ್ತೀವಾ? ಮತ್ತೆ, ದುಡ್ಡಿದ್ದವರು ಮೋಸ ಹೋದರೆ ಹೋಗಲಿ ಅನ್ನೋರಿಗೆ ಒಂದು ಮಾತು: ಭಾವ ಆ ಬಾಟಲಿ ತಂದಿದ್ದು ದುಡ್ಡು ಹೆಚ್ಚಾಗಿ ಅಲ್ಲ. ಅವತ್ತು ಅವರಿಗೆ ಅದು ಅರ್ಧ ತಿಂಗಳ ದಿನಸಿ.

ಇನ್ನೊಂದು ಆಕ್ಷೇಪ ಅಕ್ಕನದ್ದೇ. ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. “ರುಚಿ ಕೆಟ್ಟರೆ ಕೆಡಲಿ ಕಣೋ, ಇಷ್ಟು ವರ್ಷ ಅದು ನಮಗೋಸ್ಕರ ಕಾಯ್ತಾ ಇದೆ ಅನ್ನೋದೇ ಒಂದು ಖುಷಿ ಇತ್ತಲ್ಲ” ಅಂದಳು. ಇತ್ತು, ಇಲ್ಲ ಅನ್ನಲ್ಲ. ಆದರೆ 2012ರಲ್ಲಿ, ಅದು ಇನ್ನೂ ಅರೆಜೀವ ಇಟ್ಕೊಂಡಿದ್ದಿರಬಹುದಾದ ಕಾಲದಲ್ಲಿ, ಎಲ್ಲರೂ ಕೂತಿದ್ದಾಗ ಒಂದು ಚಮಚ ಕೇಳಿದವರಿಗೆ ಕೊಡದೆ ಬಂದ ಖುಷಿ ಅದು. ನನಗೆ ಅದು ಬೇಡ.

ಹೋಗ್ಲಿ, ಉಪಯೋಗದ ಮಾತು. ನಿಮ್ಮನೆ ಶೋಕೇಸಿನಲ್ಲೂ ಇಂಥದ್ದೊಂದು ಬಾಟಲಿ ಇರಬಹುದು. ವೈನಿಗೇ ಮಾಡಿದ ಫ್ರಿಜ್ಜು, ಅದೂ ಕರೆಂಟ್ ಹೋದಾಗ ಯುಪಿಎಸ್ ಮೇಲೆ ಓಡೋದು ಇಲ್ಲದಿದ್ರೆ, ದಯವಿಟ್ಟು ಇಡೋ ಯೋಚನೆ ಬಿಡಿ. ಇವತ್ತು ಸಂಜೆ ಮಾಮೂಲಿ ಫ್ರಿಜ್ಜಿನಲ್ಲಿ ಮೂರ್ನಾಲ್ಕು ಗಂಟೆ ಇಡಿ. ತಂತಿ ಬಿಚ್ಚುವಾಗ ಬಿರಡೆ ಮೇಲೆ ಹೆಬ್ಬೆರಳು ಇರಲಿ, ಬಾಯಿ ಯಾರ ಮುಖದ ಕಡೆಗೂ ಬೇಡ. ಬಿರಡೆ ಹಿಡ್ಕೊಂಡು ಬಾಟಲಿ ತಿರುಗಿಸಿ. ಕ್ರಿಕೆಟ್ ಕಪ್ ಗೆದ್ದವರ ಹಾಗೆ ಅಲ್ಲಾಡಿಸಿ ಚೆಲ್ಲೋದು ಬೇಡ. ಕೆಟ್ಟಿದ್ರೆ ಧೈರ್ಯವಾಗಿ ‘ಕೆಟ್ಟಿದೆ’ ಅನ್ನಿ.

ಭಾವ ಮೊನ್ನೆ ಫೋನ್ ಮಾಡಿದ್ರು. ಡಿಸೆಂಬರಿನಲ್ಲಿ ಬರ್ತಾರಂತೆ. “ಇನ್ನೊಂದು ತರಲೇನಯ್ಯಾ, ನಿನ್ನ ಮಗಳ ಮದುವೆಗೆ ಇಡಬಹುದು” ಅಂದ್ರು. ಮಗಳು ಒಂಬತ್ತನೇ ಕ್ಲಾಸು. ತನ್ನಿ ಭಾವ, ನೀವು ಬಂದ ರಾತ್ರಿನೇ ತೆಗೆಯೋಣ ಅಂದೆ. ಶೋಕೇಸಿನ ಆ ಜಾಗದಲ್ಲಿ ಈಗ ಅಮ್ಮನ ಕನ್ನಡಕದ ಡಬ್ಬಿ ಇದೆ.